ರಾತ್ರಿ ಸರಿ ಇದ್ದ ಉಪ್ಪ, ಬೆಳಿಗ್ಗೆ ಬಾಯಿ ವಾರೆ

ಇಶಾ ನಮಾಝ್ ಮುಗಿಸಿ ಮಲಗಿದ ಉಪ್ಪ ಸುಬ್ಹಿಗೆ ಏಳಲಿಲ್ಲ. ಉಮ್ಮ ಹೋಗಿ ನೋಡಿದರೆ ಬಾಯಿ ಒಂದು ಕಡೆ ವಾರೆ, ಬಲಗೈಗೆ ಶಕ್ತಿಯಿಲ್ಲ, ಮಾತು ತೊದಲು. ನಮ್ಮ ಎಷ್ಟೋ ಮನೆಗಳಲ್ಲಿ ಪಾರ್ಶ್ವವಾಯು ಗೊತ್ತಾಗುವುದು ಹೀಗೆಯೇ. ಆಮೇಲಿನದ್ದೂ ನಮಗೆ ಗೊತ್ತು. ಒಬ್ಬರು ಎಣ್ಣೆ ತಿಕ್ಕುತ್ತಾರೆ, ಒಬ್ಬರು ಬಿಸಿನೀರು ಕುಡಿಸಲು ನೋಡುತ್ತಾರೆ (ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಹೋದೀತು), ಇನ್ನೊಬ್ಬರು ದಮ್ಮಾಮ್‌ನಲ್ಲಿರುವ ಮಗ ಫೋನ್ ಎತ್ತಲಿ ಎಂದು ಕಾಯುತ್ತಾರೆ.

"ನಿದ್ದೆಯಲ್ಲಿ ಆದದ್ದು, ಹೊತ್ತು ಮೀರಿತು, ಇನ್ನು ಓಡಿ ಏನು ಪ್ರಯೋಜನ?" ಹಿಂದೆ ಈ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡಿ. ಶುರುವಾದ ಹೊತ್ತು ಗೊತ್ತಿಲ್ಲದಿದ್ದರೆ, ಕೊನೆಯ ಸಲ ಸರಿಯಾಗಿದ್ದುದನ್ನು ಯಾರಾದರೂ ನೋಡಿದ ಹೊತ್ತಿನಿಂದಲೇ ಲೆಕ್ಕ. ಈಗ ಗಡಿಯಾರದ ಜೊತೆ ಕಂಪ್ಯೂಟರಿನ ಲೆಕ್ಕವೂ ಸೇರಿದೆ.

ಅಡಿಕೆ ತೋಟಕ್ಕೆ ಪೈಪು ಎಳೆದವರಿಗೆ ಇದು ಬೇಗ ಅರ್ಥವಾದೀತು. ಮೆದುಳಿನ ಬುಡದಲ್ಲಿ ರಕ್ತನಾಳಗಳು ಸೇರಿ ಬಳೆಯ ಹಾಗೆ ಒಂದು ಸುತ್ತು ಇದೆ. 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವಿವರವಾಗಿ ಬರೆದರು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆಯಿಂದ ರಕ್ತ ಸುತ್ತಿ ಬರಬಹುದು. ಆದರೆ ಈ ಬಳೆ ಎಲ್ಲರಲ್ಲೂ ಪೂರ್ತಿ ಇರುವುದಿಲ್ಲ. ಮೇಲ್ಭಾಗದ ಸಣ್ಣ ನಾಳಗಳೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದಕ್ಕೇ ಒಂದೇ ಜಾಗದಲ್ಲಿ ಕಟ್ಟಿದರೂ ಒಬ್ಬರ ಮೆದುಳು ಬೇಗ ಸಾಯುತ್ತದೆ, ಇನ್ನೊಬ್ಬರದು ಗಂಟೆಗಟ್ಟಲೆ ತಡೆದುಕೊಳ್ಳುತ್ತದೆ. ಗಡಿಯಾರ ನೋಡಿ ಇದು ತಿಳಿಯದು.

ಮೊದಲು ಸಾದಾ ಸಿ.ಟಿ. ಸ್ಕ್ಯಾನ್: ರಕ್ತಸ್ರಾವವೋ, ಹೆಪ್ಪೋ ಎಂದು ನೋಡಲು. (ಮನೆಯಲ್ಲೇ ಆಸ್ಪಿರಿನ್ ಕೊಡಬಾರದು ಎನ್ನುವುದು ಇದಕ್ಕೇ.) ಆಮೇಲೆ ಕೈಯ ನರಕ್ಕೆ ಅಯೋಡಿನ್ ಇರುವ ದ್ರವ ಕೊಟ್ಟು, ಸುಮಾರು ಒಂದು ನಿಮಿಷ ಮತ್ತೆ ಮತ್ತೆ ಸ್ಕ್ಯಾನ್ ತೆಗೆಯುತ್ತಾರೆ. ಆ ದ್ರವ ಮೆದುಳಿನ ಯಾವ ಚೂರಿಗೆ ಎಷ್ಟು ಬಂತು, ಎಷ್ಟು ತಡವಾಗಿ ಬಂತು ಎಂದು ಕಂಪ್ಯೂಟರ್ ಲೆಕ್ಕ ಹಾಕಿ ನಕ್ಷೆ ಮಾಡುತ್ತದೆ. ಹೆಚ್ಚು ಬಳಕೆಯ ಲೆಕ್ಕದಲ್ಲಿ, ರಕ್ತದ ಹರಿವು ಶೇ. 30ಕ್ಕಿಂತ ಕೆಳಗಿಳಿದ ಜಾಗ ಬಹುತೇಕ ಸತ್ತ ಹಾಗೆ. ಆರು ಸೆಕೆಂಡಿಗಿಂತ ತಡವಾದದ್ದು ಅಪಾಯದಲ್ಲಿರುವ ಜಾಗ. ಸತ್ತದ್ದನ್ನು ಅದರಿಂದ ಕಳೆದರೆ ಉಳಿಯುವುದೇ ಇನ್ನೂ ಜೀವ ಹಿಡಿದುಕೊಂಡಿರುವ ಭಾಗ. ಇಷ್ಟಕ್ಕೆ ಕೆಲವೇ ನಿಮಿಷ ಸಾಕು. ತೀರ್ಮಾನ ಮಾತ್ರ ಡಾಕ್ಟರರದ್ದೇ.

2018ರಲ್ಲಿ ಪ್ರಕಟವಾದ 'ಡಾನ್' ಎಂಬ ಅಧ್ಯಯನದಲ್ಲಿ, 6ರಿಂದ 24 ಗಂಟೆ ಕಳೆದಿದ್ದರೂ ಉಳಿಸಬಹುದಾದ ಮೆದುಳು ಇದೆಯೆಂದು ಸ್ಕ್ಯಾನ್ ಮತ್ತು ಕಂಪ್ಯೂಟರಿನಿಂದ ಗುರುತಿಸಿದ ರೋಗಿಗಳ ಹೆಪ್ಪನ್ನು ನಳಿಕೆ ಹಾಕಿ ತೆಗೆದರು. ಮೂರು ತಿಂಗಳಾದ ಮೇಲೆ ಅವರಲ್ಲಿ ಶೇ. 49 ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು. ಹಾಗೆ ತೆಗೆಯದವರಲ್ಲಿ ಇದು ಶೇ. 13.

24 ಗಂಟೆ ಇದೆಯಲ್ಲ ಎಂದು ಕೂರುವ ಹಾಗಿಲ್ಲ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಅಂದಾಜಿದೆ. ಎಲ್ಲರಿಗೂ ಈ ಚಿಕಿತ್ಸೆ ಆಗುವುದಿಲ್ಲ, ಎಲ್ಲ ಆಸ್ಪತ್ರೆಯಲ್ಲಿ ಸಿಗುವುದೂ ಇಲ್ಲ. 108ಕ್ಕೆ ಕರೆ ಮಾಡುವಾಗಲೇ ಪಾರ್ಶ್ವವಾಯು ಎಂದು ಹೇಳಿ, ಈ ಸೌಲಭ್ಯ ಎಲ್ಲಿದೆ ಕೇಳಬೇಕು.

ಗಾಡಿ ಹತ್ತುವಾಗ ಗಂಡಸರು ಮುಂದಾಗಿ, ಉಮ್ಮನನ್ನು ಮನೆಯಲ್ಲಿ ಬಿಟ್ಟು ಹೋಗುವುದು ನಮ್ಮಲ್ಲಿ ಉಂಟು. ಡಾಕ್ಟರ್ ಮೊದಲು ಕೇಳುವುದು, ಕೊನೆಯ ಸಲ ಸರಿಯಾಗಿ ನೋಡಿದ್ದು ಎಷ್ಟು ಹೊತ್ತಿಗೆ ಎಂದು. ಎರಡು ಗಂಟೆಗೆ ಉಪ್ಪ ಎದ್ದು ನೀರು ಕುಡಿದು, ಸರಿಯಾಗಿ ಮಾತನಾಡಿ ಮಲಗಿದ್ದು ಗೊತ್ತಿರುವುದು ಉಮ್ಮನಿಗೆ ಮಾತ್ರ.