ಬಾಯಿ ಬಾರದ ಊರಿನಲ್ಲಿ ಏಳು ದಿನ

ಅಮೆರಿಕದ ಯೂಟಾ ರಾಜ್ಯದಲ್ಲಿ ಹದಿನೆಂಟು ತುಂಬಿದ ಹುಡುಗನೊಬ್ಬನಿಗೆ ಒಂದು ಪತ್ರ ಬರುತ್ತದೆ. ಹಿಂದೆ ಅದನ್ನು ದಪ್ಪ ಲಕೋಟೆಯಲ್ಲಿ ಅಂಚೆಯವನು ತರುತ್ತಿದ್ದ. ಈಗ ಕಂಪ್ಯೂಟರಿನಲ್ಲಿ ಬರುತ್ತದೆ. ಅಪ್ಪ, ಅಮ್ಮ, ಅಜ್ಜಿ, ಗೆಳೆಯರು ಎಲ್ಲ ಸೇರಿದ ಮೇಲೆ ಅವನು ಅದನ್ನು ಗಟ್ಟಿಯಾಗಿ ಓದುತ್ತಾನೆ. ಮುಂದಿನ ಎರಡು ವರ್ಷ ಅವನು ಯಾವ ದೇಶದಲ್ಲಿರಬೇಕು, ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬುದು ಅದರಲ್ಲಿರುತ್ತದೆ. ಆಯ್ಕೆ ಅವನದಲ್ಲ. ಗ್ವಾಟೆಮಾಲಾ, ಸ್ಪ್ಯಾನಿಷ್ ಎಂದಿದ್ದರೆ ಮುಗಿಯಿತು, ಭೂಪಟ ತೆಗೆದು ಊರು ಹುಡುಕಬೇಕು!

ಇವರು ಮಾರ್ಮನ್ ಪಂಥದವರು. ೧೮೩೦ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ, ಮುಂದೆ ಸಾಲ್ಟ್ ಲೇಕ್ ಸಿಟಿಯಲ್ಲಿ ನೆಲೆಯೂರಿದ ಚರ್ಚು ಇವರದು. ೨೦೨೪ರ ಕೊನೆಗೆ ಅದರ ಪರವಾಗಿ ಪ್ರಪಂಚದಾದ್ಯಂತ ೭೪,೦೦೦ಕ್ಕೂ ಮಿಕ್ಕಿ ಮಿಷನರಿಗಳು ಕೆಲಸ ಮಾಡುತ್ತಿದ್ದರು. ಯುವ ಮಿತ್ರರೇ, ಅವರಲ್ಲಿ ಬಹುಪಾಲು ಮಂದಿ ನಿಮ್ಮದೇ ವಯಸ್ಸಿನವರು. ಹುಡುಗರಿಗೆ ೨೪ ತಿಂಗಳು, ಹುಡುಗಿಯರಿಗೆ ೧೮ ತಿಂಗಳು. ಸಂಬಳವಿಲ್ಲ, ಖರ್ಚಿನ ಭಾರವೂ ಹೆಚ್ಚಾಗಿ ಅವರ ಮನೆಯವರ ಮೇಲೆಯೇ.

ಮಿಷನರಿ ಎಂದೊಡನೆ ನಮ್ಮಲ್ಲಿ ಕೆಲವರ ಹುಬ್ಬು ಗಂಟಿಕ್ಕುವುದು ನನಗೆ ಗೊತ್ತು. ಮತ ಬದಲಿಸುವ ಕೆಲಸದ ಸರಿತಪ್ಪುಗಳ ಚರ್ಚೆ ಇದ್ದೇ ಇದೆ, ಅದು ಬೇರೆಡೆ ನಡೆಯಲಿ. ನನ್ನ ಕುತೂಹಲ ಇನ್ನೊಂದು ಕಡೆಗೆ. ಒಂದು ಭಾಷೆಯನ್ನು ಅರ್ಧಂಬರ್ಧ ಕಲಿತ ಹುಡುಗನೊಬ್ಬ ಅಪರಿಚಿತರ ಬಾಗಿಲ ಮುಂದೆ ನಿಂತು ಬಾಯಿ ತೆರೆಯುತ್ತಾನಲ್ಲ, ಆ ಧೈರ್ಯ ಎಲ್ಲಿಂದ ಬರುತ್ತದೆ? ಇದು ನಮಗೆ ಸಂಬಂಧವಿಲ್ಲದ ವಿಷಯವೇನಲ್ಲ. ೧೮೫೩ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟೆಲ್ ಆಗ ಇಪ್ಪತ್ತೊಂದರ ತರುಣ. ಅವನ ಬಾಯಲ್ಲೂ ಕನ್ನಡ ಮೊದಲ ದಿನ ತೊದಲಿಯೇ ಇರಬೇಕು. ಅವನ ನಿಘಂಟು ಅಚ್ಚಾದದ್ದು ೧೮೯೪ರಲ್ಲಿ, ನಲವತ್ತೊಂದು ವರ್ಷಗಳ ಮೇಲೆ!

ನಾನಿಲ್ಲಿ ಹೇಳುವ ಹುಡುಗನಿಗೆ ಹೆಸರಿಲ್ಲ. ಇಂಥ ಹಲವರ ದಿನಚರಿಯನ್ನು ಕೂಡಿಸಿ ಮಾಡಿಕೊಂಡವನು ಅವನು. ಅವನನ್ನು ಗ್ವಾಟೆಮಾಲಾದ ಕೆಟ್ಸಾಲ್ಟೆನಾಂಗೊ ಎಂಬ ಊರಿಗೆ ಕಳುಹಿಸೋಣ. ಅಲ್ಲಿನವರು ಪ್ರೀತಿಯಿಂದ ‘ಶೇಲಾ’ ಎನ್ನುತ್ತಾರೆ. ಸಮುದ್ರ ಮಟ್ಟದಿಂದ ೨,೩೦೦ ಮೀಟರಿಗೂ ಎತ್ತರದಲ್ಲಿದೆ. ನಮ್ಮ ಊಟಿಗಿಂತ ತುಸು ಮೇಲೆ ಎನ್ನಿ. ಸುತ್ತ ಜ್ವಾಲಾಮುಖಿಗಳು, ಬೆಳಗಿನ ಜಾವ ಕೊರೆಯುವ ಚಳಿ.

ಹೊರಡುವ ಮೊದಲು ಭಾಷೆಯ ತರಬೇತಿ ಉಂಟು. ಅದರ ಹುಟ್ಟೂ ಸ್ವಾರಸ್ಯಕರ. ೧೯೬೧ರಲ್ಲಿ ಮೆಕ್ಸಿಕೊ ಮತ್ತು ಅರ್ಜೆಂಟೀನಾಗಳಿಗೆ ಹೋಗಬೇಕಾದವರ ವೀಸಾ ತಡವಾಯಿತು. ಸುಮ್ಮನೆ ಕುಳಿತಿರುವ ಬದಲು ಸ್ಪ್ಯಾನಿಷ್ ಕಲಿಯಲಿ ಎಂದು ಯೂಟಾದ ಪ್ರೋವೊ ನಗರದಲ್ಲಿ ಪಾಠ ಶುರುವಾಯಿತು. ಅದೇ ಬೆಳೆದು ಇಂದಿನ ದೊಡ್ಡ ಶಿಕ್ಷಣ ಕೇಂದ್ರವಾಯಿತು. ಈಗ ಸ್ಪ್ಯಾನಿಷ್‌ಗೆ ಸುಮಾರು ಆರು ವಾರ. ವ್ಯಾಕರಣ ಮುಗಿಯಲಿ, ಆಮೇಲೆ ಮಾತು ಎಂಬ ಪದ್ಧತಿ ಅಲ್ಲಿಲ್ಲ. ಮೊದಲ ಕೆಲವು ದಿನಗಳಲ್ಲೇ ಮೇಷ್ಟ್ರು ಮನೆಯ ಯಜಮಾನನಂತೆ ಕುಳಿತುಕೊಳ್ಳುತ್ತಾರೆ, ಹುಡುಗ ಬಾಗಿಲು ತಟ್ಟಿ ಮಾತು ಆರಂಭಿಸಬೇಕು. ನಮ್ಮ ಸಂಘದ ಕನ್ನಡ ತರಗತಿಗಳಲ್ಲಿ ಅ ಆ ಇ ಈ ತಿದ್ದುವಷ್ಟರಲ್ಲಿ ಆರು ವಾರ ಕಳೆದಿರುತ್ತದೆ ಎಂದರೆ ಶಿಕ್ಷಕರು ಬೇಸರಿಸಬಾರದು.

ಇಂಗ್ಲಿಷ್ ಮಾತ್ರ ಬಲ್ಲ ಹುಡುಗನಿಗೆ ಸ್ಪ್ಯಾನಿಷ್ ಕಾಡುವ ಜಾಗಗಳು ಕೆಲವಿವೆ. ಆಶ್ಚರ್ಯವೆಂದರೆ ಅಲ್ಲೆಲ್ಲ ನಮಗೆ ದಾರಿ ಸಲೀಸು. ‘ನನಗೆ ರೊಟ್ಟಿ ಇಷ್ಟ’ ಎನ್ನುತ್ತೇವಲ್ಲ, ಸ್ಪ್ಯಾನಿಷಿನ ‘ಮೆ ಗುಸ್ತಾ’ ಕೂಡ ಹೀಗೆಯೇ: ಇಷ್ಟವಾಗುವುದು ರೊಟ್ಟಿ, ನಾನು ಬರೀ ‘ನನಗೆ’. ‘ನನಗೆ ತಲೆ ನೋಯುತ್ತದೆ’ ಎಂಬುದೂ ಅದೇ ಅಚ್ಚಿನದು. ಇಂಗ್ಲಿಷಿನವನು ತಾನೇ ಕರ್ತೃವಾಗಿ ಮುಂದೆ ನಿಲ್ಲಲು ಹೋಗಿ ಮುಗ್ಗರಿಸುತ್ತಾನೆ. ಇನ್ನು ‘ಆಬ್ಲೊ’ ಎಂದರೆ ಮಾತಾಡುತ್ತೇನೆ, ‘ಆಬ್ಲಾಮೋಸ್’ ಎಂದರೆ ಮಾತಾಡುತ್ತೇವೆ. ನಾನು, ನಾವು ಎಂದು ಬಿಡಿಸಿ ಹೇಳಬೇಕಿಲ್ಲ. ಕ್ರಿಯಾಪದದ ಬಾಲವೇ ಹೇಳುತ್ತದೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಲಿಂಗಭೇದ ಕನ್ನಡದಲ್ಲಿಲ್ಲ ನಿಜ. ಆದರೆ ಹಿಂದಿ, ಮರಾಠಿಗಳ ನಡುವೆ ಬೆಳೆದ ನಿಮಗೆ ಅದೇನು ಮಹಾ?

ನೀನು, ನೀವುಗಳ ಸಂಗತಿ ಇನ್ನೂ ಸೊಗಸು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಪದ. ಸ್ಪ್ಯಾನಿಷಿನಲ್ಲಿ ಹಿರಿಯರಿಗೆ, ಅಪರಿಚಿತರಿಗೆ ‘ಉಸ್ತೆದ್’, ಸಲಿಗೆಯವರಿಗೆ ‘ತೂ’, ಗ್ವಾಟೆಮಾಲಾದ ಗೆಳೆಯರ ನಡುವೆ ಹೆಚ್ಚಾಗಿ ‘ವೋಸ್’. ಮನೆಮನೆಗೆ ಹೋಗುವ ಮಿಷನರಿ ಬಳಸಬೇಕಾದದ್ದು ‘ಉಸ್ತೆದ್’. ಆದರೆ ಪ್ರಾರ್ಥನೆಯಲ್ಲಿ ದೇವರಿಗೆ ಮಾತ್ರ ‘ತೂ’! ಪಕ್ಕದ ಮನೆಯ ಮುದುಕನಿಗೆ ಬಹುವಚನ, ಪರಮಾತ್ಮನಿಗೆ ಏಕವಚನ. ಇದು ಅಮೆರಿಕದ ಹುಡುಗನಿಗೆ ಒಗಟು. ಶರಣರೂ ದಾಸರೂ ದೇವರನ್ನು ‘ನೀನು’ ಎಂದೇ ಕರೆದದ್ದನ್ನು ಕೇಳಿ ಬೆಳೆದ ಮನೆಯವರಿಗೆ ಅದರಲ್ಲಿ ಬಿಡಿಸುವುದೇನೂ ಇಲ್ಲ.

ಇಷ್ಟೆಲ್ಲ ತಯಾರಿಯೊಂದಿಗೆ ಹುಡುಗ ಮಂಗಳವಾರ ವಿಮಾನದಿಂದ ಇಳಿಯುತ್ತಾನೆ ಎಂದುಕೊಳ್ಳಿ. ಎದೆಯ ಮೇಲೆ ಕಪ್ಪು ಫಲಕ. ಅದರಲ್ಲಿ ಅವನ ಮನೆತನದ ಹೆಸರು ಮಾತ್ರ. ಮರುದಿನ ಜೊತೆಗಾರನನ್ನು ಗೊತ್ತುಮಾಡುತ್ತಾರೆ. ಮೊದಲ ಹನ್ನೆರಡು ವಾರ ಈ ಜೊತೆಗಾರನೇ ಗುರು. ಅವನಾದರೂ ಎಷ್ಟು ಹಿರಿಯ? ಒಂದು ವರ್ಷ ಮೊದಲು ಬಂದವನು, ಅಷ್ಟೇ. ಇಬ್ಬರೂ ಒಂದೇ ಮನೆಯಲ್ಲಿರಬೇಕು, ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು. ಸ್ನಾನಕ್ಕೆ ನಲ್ಲಿಯ ಬಾಯಲ್ಲೇ ನೀರು ಕಾಯಿಸುವ ವಿದ್ಯುತ್ ಷವರ್, ಅದರ ತಂತಿಗಳು ಕಣ್ಣೆದುರೇ ನೇತಾಡುತ್ತಿರುತ್ತವೆ. ಚಳಿಗೆ ಹೆದರಬೇಕೋ ತಂತಿಗೆ ಹೆದರಬೇಕೋ!

ಗುರುವಾರ ಬೀದಿಗಿಳಿಯುತ್ತಾರೆ. ಆರು ವಾರ ಕಲಿತ ಸ್ಪ್ಯಾನಿಷ್ ಅಲ್ಲಿ ಕೇಳಿಸುವುದೇ ಇಲ್ಲ. ತರಗತಿಯಲ್ಲಿ ಮೇಷ್ಟ್ರು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ಮಾತು ಹೊಳೆಯ ಹಾಗೆ ಹರಿಯುತ್ತದೆ. ಜೊತೆಗಾರ ಮಾತನಾಡುತ್ತಾನೆ, ಇವನು ನಗುತ್ತಾ ತಲೆಯಾಡಿಸುತ್ತಾನೆ. ಯಾರೋ ಏನೋ ಕೇಳಿದರೆ ‘ಸಿ, ಸಿ’ ಎನ್ನುತ್ತಾನೆ, ಹೌದು ಹೌದು ಎಂದು. ಕೇಳಿದ್ದು ‘ನಿನ್ನ ಹೆಸರೇನು’ ಎಂದಾಗಿರುತ್ತದೆ. ದೇಶದಲ್ಲಿ ಕ್ಯಾಥೊಲಿಕರು ಬಹಳ, ಬೇರೆ ಕ್ರೈಸ್ತ ಪಂಥಗಳವರೂ ಬಹಳ. ನಮಗೆ ನಮ್ಮ ಧರ್ಮ ಇದೆ ಎಂದು ಬಾಗಿಲು ಮುಚ್ಚುವವರು ಕಡಿಮೆಯೇನಲ್ಲ. ಆದರೂ ಗ್ವಾಟೆಮಾಲಾದವರು ಮುಖದ ಮೇಲೆ ‘ಇಲ್ಲ’ ಎನ್ನುವುದು ಅಪರೂಪ. ‘ಫಿಹೆಸೆ ಕೆ...’ ಎಂದು ರಾಗ ಎಳೆಯುತ್ತಾರೆ. ನಮ್ಮ ‘ಅದೇನಾಯ್ತು ಅಂದ್ರೆ...’ ಇದೆಯಲ್ಲ, ಅದೇ! ಆ ಎರಡು ಪದ ಕಿವಿಗೆ ಬಿದ್ದರೆ ಮುಂದೆ ಬರುವುದು ಒಂದು ನೆಪ ಎಂದು ಹೊಸಬ ಮೊದಲ ವಾರದಲ್ಲೇ ಕಲಿಯುತ್ತಾನೆ.

ತಪ್ಪುಗಳೂ ಆಗುತ್ತವೆ. ‘ಪೆಕಾದೊ’ ಎಂದರೆ ಪಾಪ, ‘ಪೆಸ್ಕಾದೊ’ ಎಂದರೆ ಮೀನು. ನಿಮ್ಮ ಮೀನುಗಳನ್ನೆಲ್ಲ ದೇವರು ಕ್ಷಮಿಸುತ್ತಾನೆ ಎಂದು ಭರವಸೆ ಕೊಟ್ಟವರಿದ್ದಾರೆ. ನಾಚಿಕೆಯಾಯಿತು ಎನ್ನಲು ಹೋಗಿ ಇಂಗ್ಲಿಷ್ ಪದದಂತೆಯೇ ಕೇಳಿಸುವ ‘ಎಂಬರಸಾದೊ’ ಎಂದರೆ, ತಾನು ಬಸುರಿ ಎಂದಂತಾಗುತ್ತದೆ. ಮನೆಮಂದಿ ಬಿದ್ದು ಬಿದ್ದು ನಗುತ್ತಾರೆ. ಆದರೆ ನಕ್ಕವರು ತಿದ್ದುತ್ತಾರೆ, ತಿದ್ದಿದ್ದು ಮರೆಯುವುದಿಲ್ಲ. ನಿಮ್ಮಲ್ಲಿ ಹಲವರಿಗೆ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪನ ಮಕ್ಕಳು ನಗುತ್ತಾರೆಂದು ಹಿಂದಿಗೆ ಜಾರುತ್ತೀರಿ. ಈ ಹುಡುಗನಿಗೆ ಜಾರಲು ಬೇರೆ ಭಾಷೆಯೇ ಇಲ್ಲ. ಬೊಂಬಾಯಿಯ ಉಡುಪಿ ಹೋಟೆಲುಗಳಿಗೆ ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಬಂದಿಳಿದ ನಮ್ಮ ಹಿರಿಯರಿಗೂ ಇರಲಿಲ್ಲ. ಹಗಲು ಮೇಜು ಒರೆಸುತ್ತಾ ಗಿರಾಕಿಯ ಬಾಯಿಂದ ಮರಾಠಿ ಕಲಿತರು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತರು.

ನಮ್ಮ ದೇಶದಿಂದ ಸ್ಪ್ಯಾನಿಷ್ ನಾಡಿಗೆ ಹೋದವರೂ ಇದ್ದಾರೆ. ಮದರ್ ತೆರೇಸಾ ಅವರ ಸಂಸ್ಥೆ ಭಾರತದ ಹೊರಗೆ ತೆರೆದ ಮೊದಲ ಮನೆ ಯಾವುದು ಗೊತ್ತೇ? ೧೯೬೫ರಲ್ಲಿ ವೆನಿಜುವೆಲಾದ ಕೊಕೊರೊತೆಯಲ್ಲಿ ತೆರೆದದ್ದು. ಕಲ್ಕತ್ತೆಯಿಂದ ಹೋದ ಸೋದರಿಯರೂ ಅಲ್ಲಿ ಸ್ಪ್ಯಾನಿಷ್ ಮಾತಿನ ನಡುವೆಯೇ ಕೆಲಸ ಮಾಡಬೇಕಾಯಿತು.

ಶುಕ್ರವಾರ ಕಠಿಣ. ಒಂದು ಮನೆಯಲ್ಲಿ ಗೋಡೆಯ ಮೇಲೆ ತರುಣನೊಬ್ಬನ ಹಳೆಯ ಫೋಟೊ ಇರಬಹುದು. ಗ್ವಾಟೆಮಾಲಾದಲ್ಲಿ ೧೯೬೦ರಿಂದ ೧೯೯೬ರವರೆಗೆ ಅಂತರ್ಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಸೇರಿ ಎರಡು ಲಕ್ಷಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಬೆಂಬಲದ ಆಯೋಗ ೧೯೯೯ರಲ್ಲಿ ಅಂದಾಜು ಮಾಡಿತು. ಬಹುಪಾಲು ಅಲ್ಲಿನ ಮೂಲನಿವಾಸಿ ಮಾಯಾ ಜನ. ಇಂಥ ಮನೆಯ ತಾಯಿ ತನ್ನ ಕಥೆ ಹೇಳಲು ತೊಡಗಿದರೆ ಹೊಸ ಹುಡುಗನಿಗೆ ಅರ್ಥವಾಗುವುದು ಹತ್ತರಲ್ಲಿ ಒಂದು ಪದ. ಮಗ ಎಂಬುದು ತಿಳಿಯುತ್ತದೆ, ರಾತ್ರಿ ಎಂಬುದು ತಿಳಿಯುತ್ತದೆ. ಆಕೆ ಅಳುತ್ತಾಳೆ. ದೇವರ ಮಾತು ಹೇಳಲು ಬಂದವನಿಗೆ ‘ನನಗೆ ದುಃಖವಾಯಿತು’ ಎನ್ನುವ ಸರಿಯಾದ ವಾಕ್ಯ ಕೂಡ ನೆನಪಿಗೆ ಬರುವುದಿಲ್ಲ. ತರಬೇತಿಯಲ್ಲಿ ಬಾಯಿಪಾಠ ಮಾಡಿದ ಮಾತುಗಳಿಗೆ ಅಲ್ಲಿ ಬೆಲೆಯಿಲ್ಲ. ಮಾಡಬಹುದಾದದ್ದು ಕೆಲಸ. ವಾರದಲ್ಲಿ ಕೆಲವು ಗಂಟೆ ಊರಿನ ಸೇವೆಗೆ ಕೊಡಬೇಕೆಂಬ ಪದ್ಧತಿ ಅವರಲ್ಲಿದೆ. ಅಂಗಳದಲ್ಲಿ ರಾಶಿ ಬಿದ್ದ ಜೋಳದ ತೆನೆ ಸುಲಿಯಲು ಕೂರುತ್ತಾನೆ. ನನ್ನ ಮಟ್ಟಿಗೆ ಆ ವಾರದಲ್ಲಿ ಅವನು ಮಾಡಿದ ನಿಜವಾದ ಸೇವೆ ಅದೇ.

ಆ ರಾತ್ರಿ ಊರಿಗೆ ಮರಳಿಬಿಡೋಣ ಅನ್ನಿಸುತ್ತದೆ. ಮರಳಬಹುದು, ಯಾರೂ ಕಟ್ಟಿ ಹಾಕುವುದಿಲ್ಲ. ಆದರೆ ಅವಧಿಗೆ ಮುನ್ನ ಬಂದವನನ್ನು ಅವರ ಊರು ನೋಡುವ ನೋಟ ಒಂದು ಥರ. ಅದು ನ್ಯಾಯವಲ್ಲ, ಕಾಯಿಲೆ ಬಿದ್ದವರೂ, ಮನಸ್ಸು ಕುಸಿದವರೂ ಇರುತ್ತಾರೆ.

ಶನಿವಾರ ಚರ್ಚಿನ ಸದಸ್ಯರ ಮನೆಯಲ್ಲಿ ಮಧ್ಯಾಹ್ನದ ಊಟ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳ ಅರೆದು, ಅಂಗೈಯಲ್ಲಿ ಪಟಪಟ ತಟ್ಟಿ ಹಂಚಿಗೆ ಹಾಕುವ ‘ತೋರ್ತಿಯಾ’, ಜೊತೆಗೆ ಕಪ್ಪು ಹುರುಳಿಕಾಯಿ ಕಾಳು. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದವರಿಗೆ ಅದು ಪರದೇಶ ಅನ್ನಿಸದು. ಉಂಡು ಏಳುವಾಗ ಎಲ್ಲರಿಗೂ ‘ಮುಚಾಸ್ ಗ್ರಾಸಿಯಾಸ್’ ಎನ್ನಬೇಕು. ಉಳಿದವರು ‘ಬುವೆನ್ ಪ್ರೊವೆಚೊ’, ಉಂಡದ್ದು ಮೈಗೆ ಹತ್ತಲಿ, ಎನ್ನುತ್ತಾರೆ. ಪುಸ್ತಕದಲ್ಲಿ ಕಲಿಯದ ಈ ಪದ್ಧತಿ ಹುಡುಗನಿಗೆ ಮೊದಲ ಬಾರಿಗೆ ಸರಿಯಾಗಿ ಒಗ್ಗುತ್ತದೆ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ನಾಲ್ಕು ಮಾತು ಆಡುತ್ತಾನೆ, ಕಾಲು ನಡುಗುತ್ತದೆ.

ಸೋಮವಾರ ಬಿಡುವು. ‘ಪಿಲಾ’ ಎಂಬ ಸಿಮೆಂಟಿನ ತೊಟ್ಟಿಯ ಪಕ್ಕದ ಗೀರುಗಲ್ಲಿನ ಮೇಲೆ ಬಟ್ಟೆ ಉಜ್ಜಿ ಒಗೆಯುತ್ತಾನೆ. ಆಮೇಲೆ ಮನೆಗೆ ಫೋನು. ೨೦೧೯ರ ಫೆಬ್ರವರಿಗೆ ಮುಂಚೆ ವರ್ಷಕ್ಕೆ ಎರಡೇ ಸಲ ಮಾತನಾಡಬಹುದಿತ್ತು, ಕ್ರಿಸ್‌ಮಸ್ ಮತ್ತು ತಾಯಂದಿರ ದಿನದಂದು. ಆಮೇಲೆ ವಾರಕ್ಕೊಮ್ಮೆ ಅನುಮತಿ ಸಿಕ್ಕಿತು. ಅಮ್ಮನಿಗೆ ಅವನು ಜೋಳ ಸುಲಿದದ್ದನ್ನು ಹೇಳುತ್ತಾನೆ, ಶುಕ್ರವಾರದ ರಾತ್ರಿಯದನ್ನು ಹೇಳುವುದಿಲ್ಲ.

ಮಂಗಳವಾರ ಮತ್ತೆ ಬೀದಿ. ಈ ಸಲ ಮೊದಲ ಮಾತು ತನ್ನದೇ ಇರಲಿ ಎಂದು ಹುಡುಗ ವಾಕ್ಯ ಜೋಡಿಸಿಕೊಂಡು ಹೋಗುತ್ತಾನೆ. ಬಾಗಿಲು ತೆರೆದ ಅಜ್ಜಿಗೆ ತಪ್ಪಿಲ್ಲದೆ ಹೇಳಿಯೂ ಬಿಡುತ್ತಾನೆ. ಅಜ್ಜಿ ಒಳಗಿದ್ದ ಮೊಮ್ಮಗಳ ಕಡೆ ತಿರುಗುತ್ತಾರೆ. ಅವರಿಗೆ ಸ್ಪ್ಯಾನಿಷ್ ಬಾರದು! ಗ್ವಾಟೆಮಾಲಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ. ಶೇಲಾ ಸುತ್ತಿನ ಹಿರಿಯರ ಮನೆಮಾತು ಕಿಚೆ. ಮೊಮ್ಮಗಳಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ಸ್ಪ್ಯಾನಿಷಿನಲ್ಲಿ. ಕಿಚೆಯಲ್ಲಿ ಉಪಕಾರವಾಯಿತು ಎನ್ನಲು ಏನೆನ್ನಬೇಕು ಎಂದು ಹುಡುಗ ಅವಳನ್ನೇ ಕೇಳುತ್ತಾನೆ. ಅವಳು ಸ್ವಲ್ಪ ನಾಚಿ ಹೇಳುತ್ತಾಳೆ: ‘ಮಾಲ್ತ್ಯೋಶ್’. ಅವನು ಅಂದದ್ದು ಸರಿಯಾಗಲಿಲ್ಲ. ಅಜ್ಜಿ ಬಾಗಿಲಿಗೆ ಒರಗಿ ನಿಂತು ತಾವೇ ಇನ್ನೊಮ್ಮೆ ಹೇಳಿಕೊಡುತ್ತಾರೆ, ಇಬ್ಬರಿಗೂ.