ಪರದೇಶದಲ್ಲಿ ಪತ್ತು

ನಮ್ಮ ಊರುಗಳಲ್ಲಿ ಕೆಲವು ಕಟ್ಟಡಗಳ ನೆತ್ತಿಯ ಮೇಲೆ ‘ಪತ್ತಿನ ಸಹಕಾರ ಸಂಘ’ ಎಂಬ ಹಲಗೆಯನ್ನು ನೀವು ನೋಡಿರುತ್ತೀರಿ. ಪತ್ತು ಎಂದರೆ ಸಾಲ. ಸಾಲ ಕೊಡುವವನಿಗೆ ಪಡೆಯುವವನ ಮೇಲಿರುವ ನಂಬಿಕೆ ಎಂದೂ ಹೌದು. ಈ ಎರಡನೆಯ ಅರ್ಥ ನನಗೆ ಮನದಟ್ಟಾದದ್ದು ಹುಟ್ಟೂರಿನಲ್ಲಲ್ಲ, 1996ರ ಆಗಸ್ಟಿನಲ್ಲಿ ಅಧ್ಯಾಪನಕ್ಕೆಂದು ಅಮೆರಿಕದ ಇಲಿನಾಯ್ ಸಂಸ್ಥಾನದ ಒಂದು ಸಣ್ಣ ಪಟ್ಟಣಕ್ಕೆ ಹೋದಾಗ.

ಅಲ್ಲಿ ಹೊಸಬನ ಮೊದಲ ತೊಡಕು ಚಿಲ್ಲರೆಯದು. ಐದು ಸೆಂಟಿನ ನಿಕಲ್ ದಪ್ಪಗೆ, ದೊಡ್ಡದಾಗಿರುತ್ತದೆ. ಅದರ ಎರಡರಷ್ಟು ಬೆಲೆಯ ಡೈಮ್ ಚಿಕ್ಕದು, ತೆಳ್ಳಗಿನದು. ಡೈಮಿನ ಮೇಲೆ ಹತ್ತು ಎಂಬ ಅಂಕಿಯೂ ಇಲ್ಲ. ನೋಟುಗಳೋ, ಒಂದು ಡಾಲರಿನದೂ ನೂರು ಡಾಲರಿನದೂ ಒಂದೇ ಅಳತೆ. ಕತ್ತಲೆಯಲ್ಲಿ ತಡವಿ ಕೊಡುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಒಂದು ಸೆಂಟಿನ ಪೆನ್ನಿಯನ್ನು ಚಲಾವಣೆಗೆಂದು ಟಂಕಿಸುವುದನ್ನು 2025ರ ನವೆಂಬರಿನಲ್ಲಿ ನಿಲ್ಲಿಸಿದರು. ಹಳೆಯವು ಇನ್ನೂ ಸಲ್ಲುತ್ತವೆ.

ಬ್ಯಾಂಕಿನಲ್ಲಿ ಖಾತೆ ತೆರೆಯುವುದು ನಾನು ಅಂಜಿದಷ್ಟು ಕಷ್ಟವಾಗಲಿಲ್ಲ. ಪಾಸ್‌ಪೋರ್ಟು, ಮನೆಯ ವಿಳಾಸ, ಒಂದಿಷ್ಟು ಹಣ ಇದ್ದರೆ ಸಾಕಾಯಿತು. ದಿನನಿತ್ಯದ ಸಂದಾಯಕ್ಕೆ ಚೆಕ್ಕಿನ ಖಾತೆ ಒಂದು, ಕೂಡಿಡಲು ಉಳಿತಾಯದ ಖಾತೆ ಇನ್ನೊಂದು. ಬ್ಯಾಂಕು ಮುಳುಗಿದರೆ ಗತಿಯೇನೆಂದು ಹೊಸಬನು ಕೇಳುವುದು ಸಹಜ. 1930ರ ದಶಕದ ಆರಂಭದಲ್ಲಿ ಅಲ್ಲಿ ಸಾವಿರಾರು ಬ್ಯಾಂಕುಗಳು ಮುಚ್ಚಿದ ಮೇಲೆ, 1933ರಲ್ಲಿ ಸರ್ಕಾರ ಠೇವಣಿ ವಿಮೆಯ ಸಂಸ್ಥೆಯೊಂದನ್ನು ಸ್ಥಾಪಿಸಿತು. ಎಫ್.ಡಿ.ಐ.ಸಿ. ಎಂಬ ಆ ನಾಲ್ಕು ಅಕ್ಷರಗಳು ಬ್ಯಾಂಕಿನ ಕಿಟಕಿಯಲ್ಲಿ ಕಂಡರೆ, ಒಂದು ಬ್ಯಾಂಕಿನಲ್ಲಿ ಒಬ್ಬನ ಹೆಸರಿನ 2,50,000 ಡಾಲರುಗಳವರೆಗೆ ಭಯವಿಲ್ಲ. ಈ ಮಿತಿ 2008ರಿಂದ ಇದೆ. ನಮ್ಮ ದೇಶದಲ್ಲಿ ಇಂಥದೇ ವಿಮೆಯ ಮಿತಿ 2020ರಿಂದ ಐದು ಲಕ್ಷ ರೂಪಾಯಿ.

ಚೆಕ್ಕು ಬರೆಯುವುದು ನನಗೇನು ಹೊಸದೇ ಎಂದು ಬೀಗಿದ್ದೆ. ಡಿಸೆಂಬರ್ ಮೂರರಂದು ಬಾಡಿಗೆಯ ಚೆಕ್ಕಿನ ಮೇಲೆ ನಮ್ಮ ಪದ್ಧತಿಯಂತೆ 3/12/96 ಎಂದು ಬರೆದುಕೊಟ್ಟೆ. ಅಲ್ಲಿಯವರು ತಿಂಗಳನ್ನು ಮೊದಲು ಬರೆಯುವವರು. ಅವರ ಕಣ್ಣಿಗೆ ಅದು ಮಾರ್ಚ್ ಹನ್ನೆರಡರ ಚೆಕ್ಕು. ಆರು ತಿಂಗಳು ಮೀರಿದ ಚೆಕ್ಕಿಗೆ ಹಣ ಕೊಡಲೇಬೇಕೆಂಬ ಕಟ್ಟು ಬ್ಯಾಂಕಿಗೆ ಇಲ್ಲ. ಹಿಂದಕ್ಕೆ ಬಂತು. ಮಾರ್ಚಿನಲ್ಲಿ ನಾನು ಆ ದೇಶಕ್ಕೇ ಕಾಲಿಟ್ಟಿರಲಿಲ್ಲವೆಂದು ಮನೆಯ ಒಡೆಯನಿಗೆ ಎಷ್ಟು ವಿವರಿಸಿದರೂ ತಡವಾದ ದಂಡ ತಪ್ಪಲಿಲ್ಲ. ಹೊಸದಾಗಿ ಹೋಗುವವರಿಗೆ ಹೇಳುತ್ತೇನೆ: ತಿಂಗಳ ಹೆಸರನ್ನು ಅಕ್ಷರಗಳಲ್ಲಿ ಬರೆಯಿರಿ.

ಇವೆಲ್ಲ ಸಣ್ಣ ಮಾತು. ನಿಜವಾದ ಪೆಟ್ಟು ಬಿದ್ದದ್ದು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದಾಗ. ಕೈಯಲ್ಲಿ ಸಂಬಳದ ಕೆಲಸವಿತ್ತು, ಖಾತೆಯಲ್ಲಿ ಹಣವಿತ್ತು, ಯಾರಿಗೂ ಒಂದು ಕಾಸು ಕೊಡಬೇಕಾಗಿರಲಿಲ್ಲ. ಅರ್ಜಿ ತಿರಸ್ಕೃತವಾಯಿತು. ಕಾರಣವನ್ನು ತಿಳಿಸಬೇಕೆಂದು ಅಲ್ಲಿ ಕಾನೂನಿದೆ, ತಿಳಿಸಿದರು: ಸಾಲದ ಚರಿತ್ರೆ ಇಲ್ಲ. ಸಾಲವಿಲ್ಲದಿರುವುದನ್ನೇ ಮರ್ಯಾದೆಯೆಂದು ತಿಳಿದ ಮನೆಯಿಂದ ಬಂದವನು ಆ ಪತ್ರವನ್ನು ಎರಡು ಸಲ ಓದಿಕೊಂಡೆ.

ಉಡುಪಿಯ ಕಡೆಯವನಾದ ನನಗೆ ಬ್ಯಾಂಕೆಂದರೆ ಮನೆಬಾಗಿಲಿಗೆ ಬರುವ ಮನುಷ್ಯ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಮನೆಯಿಂದ ಕೂಡಿಸುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನಮ್ಮ ಪಿಗ್ಮಿಯವನಿಗೆ ನಮ್ಮ ಮುಖ ಗೊತ್ತು, ಅಜ್ಜಿಯ ಕಾಯಿಲೆ ಗೊತ್ತು. ಮುಖ ಗೊತ್ತಿಲ್ಲದ ವಿಶಾಲ ದೇಶದಲ್ಲಿ ನಂಬುವುದು ಹೇಗೆ? ಲೂಯಿಸ್ ಟ್ಯಾಪನ್ ಎಂಬ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ 1837ರ ಮುಗ್ಗಟ್ಟಿನಲ್ಲಿ ನೆಲಕಚ್ಚಿ, 1841ರಲ್ಲಿ ಇದಕ್ಕೊಂದು ದಾರಿ ಹುಡುಕಿದ. ಊರೂರಿನ ವಕೀಲರಿಂದ ಅಲ್ಲಿನ ವರ್ತಕರ ವಿಷಯ ಬರೆಯಿಸಿಕೊಂಡು ದೊಡ್ಡ ಲೆಕ್ಕದ ಪುಸ್ತಕಗಳಲ್ಲಿ ದಾಖಲಿಸಿ, ಬೇಕಾದವರಿಗೆ ಮಾರುತ್ತಿದ್ದ. ಆಸ್ತಿಯಷ್ಟೇ ಅಲ್ಲ, ನಡತೆಯೂ ಕುಡಿತವೂ ಅದರಲ್ಲಿರುತ್ತಿದ್ದವು. ಹೀಗೆ ಬರೆದು ಕಳಿಸುತ್ತಿದ್ದವರಲ್ಲಿ ಇಲಿನಾಯಿನ ಅಬ್ರಹಾಂ ಲಿಂಕನ್ ಎಂಬ ವಕೀಲನೂ ಇದ್ದ.

ಇಂದು ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ಈ ಪುಸ್ತಕವನ್ನು ಇಡುತ್ತವೆ. 1989ರಿಂದ ಬಳಕೆಗೆ ಬಂದ ಫೈಕೋ ಎಂಬ ಎಣಿಕೆ ಅದನ್ನು 300ರಿಂದ 850ರೊಳಗಿನ ಒಂದು ಅಂಕಿಗೆ ಇಳಿಸುತ್ತದೆ. ಗಡುವಿಗೆ ಸರಿಯಾಗಿ ತೀರಿಸಿದ ಚರಿತ್ರೆಗೆ ಅದರಲ್ಲಿ ನೂರಕ್ಕೆ 35 ಪಾಲು, ಈಗಿರುವ ಸಾಲದ ಪ್ರಮಾಣಕ್ಕೆ 30. ಸಂಬಳ, ಖಾತೆಯಲ್ಲಿರುವ ಹಣ ಇವು ಲೆಕ್ಕಕ್ಕೇ ಬರುವುದಿಲ್ಲ! ತಪ್ಪು ದಾಖಲೆಯನ್ನು ಪ್ರಶ್ನಿಸುವ ಹಕ್ಕನ್ನು 1970ರ ಕಾನೂನು ಕೊಟ್ಟಿತು. ಮದುವೆಯಾಗಿರುವಳೆಂದೋ ಹೆಂಗಸೆಂದೋ ಸಾಲ ನಿರಾಕರಿಸಬಾರದೆಂಬ ನಿಯಮ ಬಂದದ್ದು 1974ರಲ್ಲಿ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಮಾತಾಡುವ ದೇಶದಲ್ಲಿ ಇದು ತಡವೆಂದೇ ನನ್ನ ಅಭಿಪ್ರಾಯ. ನಮ್ಮಲ್ಲಿಯೂ 2000ದಲ್ಲಿ ಸಿಬಿಲ್ ಸ್ಥಾಪನೆಯಾಗಿ ಇಂಥ ಅಂಕಿ ಬಂದಿದೆ, ಆದರೆ ಅದು ಸಾಮಾನ್ಯವಾಗಿ ನಮ್ಮ ಜೊತೆ ಕಡಲು ದಾಟುವುದಿಲ್ಲ.

ನಾನು ಹಿಡಿದ ದಾರಿ ಹೊಸಬರೆಲ್ಲರಿಗೂ ತೆರೆದಿರುವಂಥದು. ಬ್ಯಾಂಕಿನಲ್ಲಿ ಮುನ್ನೂರು ಡಾಲರ್ ಒತ್ತೆಯಿಟ್ಟು, ಅಷ್ಟೇ ಮಿತಿಯ ಕಾರ್ಡು ಪಡೆದೆ. ನನ್ನ ಹಣವನ್ನೇ ಒತ್ತೆಯಾಗಿಟ್ಟು ನಾನೇ ಸಾಲಗಾರನಾದೆ ಎನ್ನಿ. ತಿಂಗಳಿಗೆ ನಲವತ್ತು ಐವತ್ತು ಡಾಲರಿನ ದಿನಸಿ ಕೊಂಡು, ಬಿಲ್ಲು ಬಂದೊಡನೆ ಪೂರ್ತಿ ತೀರಿಸುತ್ತಿದ್ದೆ. ಹಾಗೆ ತೀರಿಸಿದರೆ ಬಡ್ಡಿಯಿಲ್ಲ. ಬಿಲ್ಲಿನ ಮೂಲೆಯಲ್ಲಿ ‘ಕನಿಷ್ಠ ಸಂದಾಯ’ ಎಂಬ ಪುಟ್ಟ ಮೊತ್ತವೊಂದು ಇರುತ್ತದೆ, ಅದನ್ನು ನಂಬಬೇಡಿ. ಅಷ್ಟನ್ನೇ ಕಟ್ಟುತ್ತ ಹೋದವನ ಉಳಿಕೆಯ ಮೇಲೆ ಬಡ್ಡಿ ಬೆಳೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ವರ್ಷಕ್ಕೆ ನೂರಕ್ಕೆ ಇಪ್ಪತ್ತನ್ನು ಮೀರಿದ್ದುಂಟು. ಒಂದು ವರ್ಷದ ಮೇಲೆ ಒತ್ತೆಯ ಹಣ ಮರಳಿತು, ಸಾಮಾನ್ಯ ಕಾರ್ಡು ಬಂತು.

ಇದನ್ನು ತಂದೆಯವರಿಗೆ ಬರೆಯಲು ನನಗೆ ಸಂಕೋಚವಿತ್ತು. ಅವರು ಶಾಲೆಯ ಮಾಸ್ತರರು. ಅಕ್ಕನ ಮದುವೆಗೆ ಮಾಡಿದ ಸಾಲ ತೀರುವವರೆಗೆ ಹೊಸ ಚಪ್ಪಲಿ ಕೊಂಡವರಲ್ಲ. ಆದರೂ ಬರೆದೆ. ಸಾಲ ಮಾಡಿದರೆ ಮಾತ್ರ ನಂಬುವ ಜನ ಎಂಥವರು ಎಂದು ಅವರು ಕೇಳಲಿಲ್ಲ. ಈ ತಿಂಗಳು ಎಷ್ಟು, ತೀರಿತೇ ಎಂದಷ್ಟೇ ಕೇಳಿದರು, ಮುಂದಿನ ಪ್ರತಿಯೊಂದು ಪತ್ರದಲ್ಲಿಯೂ ಕೇಳಿದರು. ನಾನು ಮೊತ್ತವನ್ನು ಬರೆದು ಕಳಿಸುತ್ತಿದ್ದೆ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಹಾಲಿನ ಲೆಕ್ಕದ ಪುಸ್ತಕ ಸಿಕ್ಕಿತು. ಅದರ ಹಿಂಬದಿಯಲ್ಲಿ, ನನ್ನ ಹೆಸರಿನ ಕೆಳಗೆ, ತಿಂಗಳ ಹೆಸರು ಬರೆದು ಡಾಲರುಗಳನ್ನು ನಮೂದಿಸಿದ್ದರು. ಪ್ರತಿಯೊಂದು ಸಾಲಿನ ಕೊನೆಗೂ ‘ಸಂದಿದೆ’ ಎಂದಿತ್ತು.