ಜಲಸಸ್ಯಗಳನ್ನು ತೊಟ್ಟಿಗೆ ಬಿಡುವ ಮುನ್ನ ಶುಚಿಗೊಳಿಸುವ ವಿಧಾನ

ಉಪಕಸುಬಾಗಿ ಅಲಂಕಾರಿಕ ಮೀನು ಸಾಕುವ ರೈತರು ತೊಟ್ಟಿಗೆ ಜಲಸಸ್ಯಗಳನ್ನೂ ತರುತ್ತಾರೆ. ಇವು ಮೀನುಮರಿಗಳಿಗೆ ಆಸರೆ. ಬೆಳಕಿರುವಾಗ ನೀರಿಗೆ ಆಮ್ಲಜನಕವನ್ನೂ ಒದಗಿಸುತ್ತವೆ. ಆದರೆ ಗಿಡದೊಡನೆ ಬಸವನಹುಳುವಿನ ಮೊಟ್ಟೆ, ಪಾಚಿ, ಹೈಡ್ರಾ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಸಹ ಬರಬಹುದು. ಕೊನೆಯ ಎರಡೂ ಎಳೆಯ ಮೀನುಮರಿಗಳನ್ನು ತಿನ್ನುತ್ತವೆ.

ಅಪಾಯ ತೊಟ್ಟಿಗಷ್ಟೇ ಸೀಮಿತವಲ್ಲ. ದನ, ಎಮ್ಮೆ, ಕುರಿಗಳನ್ನು ಕಾಡುವ ಯಕೃತ್ತಿನ ಚಪ್ಪಟೆಹುಳುವಿನ ಬೆಳವಣಿಗೆಯ ಒಂದು ಹಂತ ನಡೆಯುವುದು ಸಿಹಿನೀರಿನ ಕೆಲವು ಬಸವನಹುಳುಗಳಲ್ಲಿ. ಹೂವಿನ ಅಂದಕ್ಕಾಗಿ ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ಇಂದು ನಮ್ಮ ಅನೇಕ ಕೆರೆಗಳನ್ನು ಮುಚ್ಚಿರುವುದನ್ನು ಎಲ್ಲರೂ ಬಲ್ಲರು.

ಮೊದಲ ಹಂತ: ಬೇರಿಗೆ ಸುತ್ತಿದ ನಾರು, ಸೀಸದ ಪಟ್ಟಿ ಹಾಗೂ ಕೊಳೆತ ಎಲೆಗಳನ್ನು ತೆಗೆಯಿರಿ. ಎಲೆಯ ಅಡಿಭಾಗದಲ್ಲಿ ಲೋಳೆಯಂತೆ ಅಂಟಿರುವುದೇ ಬಸವನಹುಳುವಿನ ಮೊಟ್ಟೆ. ಅದನ್ನು ಉಗುರಿನಿಂದ ಕೆರೆದು ತೆಗೆದು, ಗಿಡವನ್ನು ಹರಿಯುವ ನೀರಿನಲ್ಲಿ ತೊಳೆಯಿರಿ.

ಎರಡನೇ ಹಂತ: ೧ ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟನ್ನು ೧ ಲೀಟರ್ ನೀರಿನಲ್ಲಿ ಕರಗಿಸಿ. ಇದರ ೧೦೦ ಮಿಲಿ ಲೀಟರನ್ನು ೧೦ ಲೀಟರ್ ನೀರಿಗೆ ಬೆರೆಸಿ, ಗಿಡಗಳನ್ನು ೧೦ ನಿಮಿಷ ಅದ್ದಿಡಿ. ದ್ರಾವಣ ಕಂದುಬಣ್ಣಕ್ಕೆ ತಿರುಗಿದರೆ ಅದರ ಶಕ್ತಿ ಕುಂದಿದೆಯೆಂದು ತಿಳಿದು ಹೊಸದನ್ನು ಮಾಡಿಕೊಳ್ಳಿ. ಕೈಗವಸು ಧರಿಸಿ, ಮಕ್ಕಳನ್ನು ದೂರವಿಡಿ. ಕೊನೆಗೆ ಗಿಡಗಳನ್ನು ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯಿರಿ. ಎಳೆ ಎಲೆಯ ಗಿಡವಾದರೆ ಮೊದಲು ಒಂದೆರಡು ಕಡ್ಡಿಗಳ ಮೇಲೆ ಪ್ರಯೋಗಿಸಿ ನೋಡುವುದು ಉತ್ತಮ.

ಮೂರನೇ ಹಂತ: ಲೋಳೆಯೊಳಗಿನ ಮೊಟ್ಟೆಗಳು ಈ ದ್ರಾವಣದಿಂದ ಖಚಿತವಾಗಿ ಸಾಯುತ್ತವೆಂದು ನಂಬುವಂತಿಲ್ಲ. ಆದ್ದರಿಂದ ಗಿಡಗಳನ್ನು ಮೀನಿಲ್ಲದ ಬೇರೆ ಬಕೆಟ್ಟಿನಲ್ಲಿ, ಬೆಳಕಿರುವೆಡೆ ೩ರಿಂದ ೪ ವಾರ ಇಡಬೇಕು. ಅಷ್ಟರಲ್ಲಿ ಮೊಟ್ಟೆಯೊಡೆದು ಬಂದ ಮರಿಗಳು ಕಣ್ಣಿಗೆ ಬೀಳುತ್ತವೆ. ಅವನ್ನು ಆರಿಸಿ ಕುದಿಯುವ ನೀರಿಗೆ ಹಾಕಿರಿ. ಬಕೆಟ್ಟಿನ ನೀರನ್ನು ಆಗಾಗ್ಗೆ ಬದಲಿಸಿರಿ. ನರ್ಸರಿಯಲ್ಲಿ ಸಿಂಪಡಿಸಿದ ಕೀಟನಾಶಕದ ಅಂಶವಿದ್ದರೆ ಅದೂ ಇದರಿಂದ ತಗ್ಗುತ್ತದೆ.

ಗಿಡ ತೊಳೆದ ನೀರನ್ನು ಕಾಲುವೆ, ಕೃಷಿಹೊಂಡ ಅಥವಾ ಬಾವಿಯ ಬಳಿ ಚೆಲ್ಲಬೇಡಿ. ದೂರದ ಒಣ ನೆಲಕ್ಕೆ ಸುರಿಯಿರಿ. ಕತ್ತರಿಸಿದ ಎಲೆ, ಬೇರು, ಕಡ್ಡಿಗಳನ್ನು ಬಿಸಿಲಿನಲ್ಲಿ ಸಂಪೂರ್ಣ ಒಣಗಿಸಿದ ನಂತರವೇ ಗೊಬ್ಬರದ ಗುಂಡಿಗೆ ಹಾಕಿರಿ. ಕೆಲವು ಜಲಸಸ್ಯಗಳ ಒಂದು ತುಂಡು ಕಾಂಡವೇ ಕೆರೆಯನ್ನು ಹಬ್ಬಲು ಸಾಕು. ನಾಲ್ಕು ವಾರ ಕಾಯುವುದು ಸುಲಭ; ಕೆರೆಯ ಕಳೆ ತೆಗೆಯುವುದು ಊರಿಗೇ ಹೊರೆ.